ಊರಿನ ಟಿವಿ ಟವರ್: ದೂರದರ್ಶನದ ಕಡಿಮೆ ಶಕ್ತಿಯ ಕೇಂದ್ರಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಊರಾಚೆಯ ಹಳೆಯ ಟಿವಿ ಟವರಿನ ಮಾತು ಬಂದಾಗಲೆಲ್ಲ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಮದುವೆ ಮನೆಯ ಪಂಕ್ತಿಯಲ್ಲಿ, ಪತ್ರದಲ್ಲಿ, ಫೋನಿನಲ್ಲಿ ಬಂದ ಅಂಥ ಪ್ರಶ್ನೆಗಳನ್ನು ಆದಷ್ಟೂ ಕೇಳಿದವರ ಮಾತಿನಲ್ಲೇ ಇಟ್ಟು ಇಲ್ಲಿ ಉತ್ತರಿಸಿದ್ದೇನೆ. ಸುಲಭದವು ಮೊದಲು, ತಕರಾರಿನವು ಆಮೇಲೆ. ನಿಮಗೆ ಬೇಕಾದ ಪ್ರಶ್ನೆಯನ್ನಷ್ಟೇ ಓದಿದರೂ ನಡೆಯುತ್ತದೆ.

## ಮೊದಲು ಗೊತ್ತಿರಬೇಕಾದವು

ನಮ್ಮೂರ ಗುಡ್ಡದ ಮೇಲೆ ಟಿವಿ ಸ್ಟೇಷನ್ ಅಂತ ಇತ್ತಲ್ಲ, ಅದು ನಿಜವಾಗಿ ಏನು?

ಅದು ದೂರದರ್ಶನದ ಮರುಪ್ರಸಾರ ಕೇಂದ್ರ. ಇಲಾಖೆಯವರು ಎಲ್‌ಪಿಟಿ ಅನ್ನುತ್ತಿದ್ದರು, ಅಂದರೆ ಲೋ ಪವರ್ ಟ್ರಾನ್ಸ್‌ಮಿಟರ್. ಸಾಮಾನ್ಯವಾಗಿ ಅದರ ಶಕ್ತಿ 100 ವ್ಯಾಟ್. ಮಹಾನಗರಗಳ ದೊಡ್ಡ ಟ್ರಾನ್ಸ್‌ಮಿಟರ್ 10 ಕಿಲೋವ್ಯಾಟಿನದು, ಅಂದರೆ ಇದರ ನೂರು ಪಟ್ಟು. ಇದಕ್ಕಿಂತಲೂ ಸಣ್ಣದು ಇತ್ತು: ಬೆಟ್ಟಗಳ ನಡುವೆ ಸಿಕ್ಕಿಕೊಂಡ ಊರುಗಳಿಗಾಗಿ 10 ವ್ಯಾಟಿನ ‘ವೆರಿ ಲೋ ಪವರ್’ ಟ್ರಾನ್ಸ್‌ಮಿಟರ್, ಅಂದರೆ ವಿಎಲ್‌ಪಿಟಿ. 100 ವ್ಯಾಟಿನದು ಸುತ್ತಲಿನ 15ರಿಂದ 25 ಕಿ.ಮೀ.ವರೆಗೆ ಚಿತ್ರ ಕೊಡುತ್ತಿತ್ತು. 10 ವ್ಯಾಟಿನದು ಊರು ದಾಟಿದರೆ ದೊಡ್ಡದು.

ಸ್ಟೇಷನ್ ಅಂತ ಹೆಸರಿದ್ದರೂ ಅಲ್ಲಿ ಕ್ಯಾಮೆರಾ ಇರಲಿಲ್ಲ, ಸ್ಟುಡಿಯೊ ಇರಲಿಲ್ಲ, ಮಾತಾಡಲು ಒಂದು ಮೈಕೂ ಇರಲಿಲ್ಲ. ಉಪಗ್ರಹದಿಂದ ಬಂದದ್ದನ್ನು ಹಿಡಿದು ಊರಿಗೆ ಬಿಡುವುದಷ್ಟೇ ಕೆಲಸ. ಇದೊಂದು ಗೊತ್ತಾದರೆ ಕೆಳಗಿನ ಅರ್ಧ ಪ್ರಶ್ನೆಗಳಿಗೆ ಉತ್ತರ ಸಿಕ್ಕ ಹಾಗೆಯೇ.

ನೂರು ವ್ಯಾಟ್ ಅಂದ್ರೆ ಹಳೇ ಕಾಲದ ಒಂದು ಬಲ್ಬು. ಅಷ್ಟರಲ್ಲಿ ಇಪ್ಪತ್ತು ಕಿಲೋಮೀಟರ್ ಹೇಗೆ ಹೋಗ್ತಿತ್ತು?

ಟಿವಿಗೆ ಬೇಕಾದ ಸಿಗ್ನಲ್ ಬಹಳ ಸಣ್ಣದು. ವೋಲ್ಟಿನ ಸಾವಿರದಲ್ಲೊಂದು ಭಾಗ ಆಂಟೆನಾದಿಂದ ಇಳಿದು ಬಂದರೆ ಒಳ್ಳೆಯ ಚಿತ್ರವೇ ಬರುತ್ತದೆ. ಹಾಗಾಗಿ ಶಕ್ತಿಗಿಂತ ಮೊದಲು ಅಡ್ಡ ಬರುವುದು ಭೂಮಿಯ ಗುಂಡಗಿನ ಮೈ. ವಿಎಚ್‌ಎಫ್ ಎಂಬ, ಟಿವಿಗೆ ಬಳಸುತ್ತಿದ್ದ ತರಂಗಾಂತರದ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಹೋಗುತ್ತವೆ, ದಿಗಂತ ದಾಟಿ ಬಾಗುವುದು ಕಡಿಮೆ. 30 ಮೀಟರ್ ಎತ್ತರದ ಟವರು, ಮನೆ ಮೇಲೆ 10 ಮೀಟರ್ ಎತ್ತರದ ಆಂಟೆನಾ ಅಂತಿಟ್ಟುಕೊಳ್ಳಿ. ಲೆಕ್ಕದ ಪ್ರಕಾರ ಸುಮಾರು 35 ಕಿ.ಮೀ.ಗೆ ದಿಗಂತ ಮುಗಿಯುತ್ತದೆ. ಅದಕ್ಕೂ ಮೊದಲೇ ಸಿಗ್ನಲ್ ಬಡವಾಗಿ ಪರದೆ ತುಂಬ ಚುಕ್ಕಿ ಏಳುತ್ತದೆ.

ಈ ಲೆಕ್ಕ ಬಯಲುಸೀಮೆಯದು. ಮಲೆನಾಡಿನಲ್ಲಿ ಟವರು ಎದುರಿಗೇ ಇದ್ದರೂ ನಡುವೆ ಒಂದು ದಿಬ್ಬ ಬಂದರೆ ಮುಗಿಯಿತು. ಮೂರು ಕಿ.ಮೀ. ದೂರದ ಕೆಳಗಿನ ಕೇರಿಯಲ್ಲಿ ಏನೂ ಬಾರದೆ, ಹದಿನೈದು ಕಿ.ಮೀ. ಆಚೆಯ ಎತ್ತರದ ಎಸ್ಟೇಟಿನಲ್ಲಿ ಚಿತ್ರ ಕನ್ನಡಿಯಂತೆ ಬರುತ್ತಿದ್ದದ್ದು ಇದಕ್ಕೇ. ಅದರಲ್ಲಿ ಟಿವಿ ಕಂಪನಿಯ ತಪ್ಪೇನೂ ಇರಲಿಲ್ಲ.

ಒಳಗೆ ಏನಿರ್ತಿತ್ತು? ಚಿಕ್ಕವರಿದ್ದಾಗ ಗೇಟಿನ ಹತ್ರ ಹೋದ್ರೆ ಓಡಿಸ್ತಿದ್ರು.

ನಿರಾಸೆ ಆಗಬಹುದು. ಎರಡು ಮೂರು ಕೋಣೆಗಳ ತಾರಸಿ ಕಟ್ಟಡ. ಹೊರಗೆ ಆಕಾಶಕ್ಕೆ ಮುಖ ಮಾಡಿದ, ಜಾಲರಿಯ ದೊಡ್ಡ ಛತ್ರಿ, ಅಂದರೆ ಡಿಶ್ ಆಂಟೆನಾ. ಒಳಗೆ ಆಳೆತ್ತರದ ಕಬ್ಬಿಣದ ಕಪಾಟಿನಲ್ಲಿ ಉಪಗ್ರಹದ ರಿಸೀವರ್, ಪಕ್ಕದಲ್ಲಿ ಟ್ರಾನ್ಸ್‌ಮಿಟರ್. ಹೊರಗೆ ಹೋಗುತ್ತಿರುವ ಚಿತ್ರ ಸರಿಯಿದೆಯೇ ಎಂದು ನೋಡಲು ಒಂದು ಮಾನಿಟರ್. ಕರೆಂಟು ಹೋದರೆ ಡೀಸೆಲ್ ಜನರೇಟರ್. ಮೇಜಿನ ಮೇಲೆ ಲಾಗ್ ಪುಸ್ತಕ: ಎಷ್ಟು ಗಂಟೆಗೆ ಶುರು, ಎಷ್ಟು ಗಂಟೆಗೆ ಬಂದ್, ಮೀಟರ್ ಎಷ್ಟು ತೋರಿಸಿತು, ಯಾವಾಗ ಸಿಗ್ನಲ್ ಕಡಿಯಿತು, ಎಷ್ಟು ಲೀಟರ್ ಡೀಸೆಲ್ ಸುಟ್ಟಿತು.

ಪಾಳಿಯಲ್ಲಿ ಕೆಲಸ ಮಾಡುವ ನಾಲ್ಕಾರು ತಂತ್ರಜ್ಞರು, ಒಬ್ಬ ಕಾವಲುಗಾರ. ಕಾರ್ಯಕ್ರಮ ಹಾಕುವುದು, ತೆಗೆಯುವುದು ಇವರ ಕೈಯಲ್ಲಿರಲಿಲ್ಲ. ಆದರೆ ಧಾರಾವಾಹಿಯ ನಡುವೆ ಪರದೆ ಕಪ್ಪಾದರೆ ಜನ ಸೈಕಲ್ ಹತ್ತಿ ಬರುತ್ತಿದ್ದದ್ದು ಇವರ ಬಾಗಿಲಿಗೇ. ದಿಲ್ಲಿಯ ತಪ್ಪಿಗೆ ಇಲ್ಲಿ ಬೈಸಿಕೊಳ್ಳುವುದು ಕೆಲಸದ ಒಂದು ಭಾಗವೇ ಆಗಿತ್ತು.

ಒಂದೂರಿನ ಆಂಟೆನಾ ಮಾರುದ್ದ, ಪಕ್ಕದೂರಿನದು ಮೊಳದುದ್ದ. ಅದ್ಯಾಕೆ ಹಾಗೆ?

ಚಾನೆಲ್ ಬೇರೆಯಾದದ್ದಕ್ಕೆ. ಪಕ್ಕಪಕ್ಕದ ಎರಡು ಟವರುಗಳು ಒಂದೇ ಚಾನೆಲ್‌ನಲ್ಲಿ ಬಿಟ್ಟರೆ ಚಿತ್ರದ ಮೇಲೆ ಚಿತ್ರ ಬಿದ್ದು ಗೆರೆಗಳಾಗುತ್ತವೆ. ಅದಕ್ಕೆ ಊರೂರಿಗೂ ಚಾನೆಲ್ ಬದಲಿಸಿ ಹಂಚುತ್ತಿದ್ದರು. ಚಾನೆಲ್ 4 ಅಂದರೆ ಸುಮಾರು 62 ಮೆಗಾಹರ್ಟ್ಸ್. ಅಲೆಯ ಅರ್ಧ ಉದ್ದ 2.4 ಮೀಟರ್, ಆಂಟೆನಾದ ಕೊಳವೆಯೂ ಹತ್ತಿರ ಹತ್ತಿರ ಅಷ್ಟೇ ಉದ್ದ. ಚಾನೆಲ್ 5ರಿಂದ ಮೇಲಿನವು 175 ಮೆಗಾಹರ್ಟ್ಸ್ ದಾಟಿದವು, ಅಲ್ಲಿ 85 ಸೆಂ.ಮೀ. ಸಾಕು. ಹಳೆಯ ಆಂಟೆನಾ ಅಟ್ಟದಲ್ಲಿ ಇನ್ನೂ ಇದ್ದರೆ ಟೇಪ್ ಹಿಡಿದು ಅಳೆದು ನೋಡಿ. ನಿಮ್ಮೂರಿಗೆ ಯಾವ ಬ್ಯಾಂಡ್ ಸಿಕ್ಕಿತ್ತೆಂದು ತಿಳಿಯಲು ಅದಕ್ಕಿಂತ ಒಳ್ಳೆಯ ದಾಖಲೆ ಬೇಕಿಲ್ಲ.

## ಹೇಗೆ ಬಂತು, ಯಾಕೆ ಬಂತು

ನಮ್ಮ ದೇಶಕ್ಕೆ ಟಿವಿ ಬಂದಿದ್ದು ಏಷ್ಯಾಡ್ ಹೊತ್ತಿಗೆ ಅಲ್ವಾ?

ಬಣ್ಣ ಬಂದದ್ದು ದಿಲ್ಲಿಯಲ್ಲಿ ಏಷ್ಯನ್ ಕ್ರೀಡಾಕೂಟ ನಡೆದ ಆ ವರ್ಷ, 1982ರಲ್ಲಿ. ಟಿವಿ ಬಂದದ್ದು 1959ರ ಸೆಪ್ಟೆಂಬರ್ 15ರಂದು, ದಿಲ್ಲಿಯಲ್ಲಿ. ಆಕಾಶವಾಣಿ ಭವನದೊಳಗೆ, ಯುನೆಸ್ಕೋ ನೆರವಿನಿಂದ, ಒಂದು ಸಣ್ಣ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ವಾರಕ್ಕೆ ಎರಡು ದಿನ ಮಾತ್ರ. ನೋಡಬೇಕೆಂದರೆ ಸಮುದಾಯ ಸೆಟ್‌ಗಳ ಮುಂದೆ ಹೋಗಿ ಕೂರಬೇಕಿತ್ತು. ಅಂದರೆ ಭಾರತದ ಟಿವಿ ಹುಟ್ಟಿದ್ದೇ ಕಡಿಮೆ ಶಕ್ತಿಯ ಸ್ಥಳೀಯ ಕೇಂದ್ರವಾಗಿ. ದಿನವೂ ಪ್ರಸಾರ ಶುರುವಾದದ್ದು 1965ರಲ್ಲಿ. ಎರಡನೇ ನಗರ ಮುಂಬೈ ತಲುಪಲು 1972ರ ಅಕ್ಟೋಬರ್ 2ರವರೆಗೆ ಕಾಯಬೇಕಾಯಿತು. ದೂರದರ್ಶನ ಆಕಾಶವಾಣಿಯಿಂದ ಬೇರೆಯಾದದ್ದು 1976ರಲ್ಲಿ.

ಕಲಬುರ್ಗಿಗಿ ಬೆಂಗಳೂರಿಗಿಂತ ಮೊದ್ಲ ಟಿವಿ ಬಂದಿತ್ತಂತ. ಖರೇ ಏನ್ರಿ?

ಖರೇನೇ. ಅದೂ ಒಂದೆರಡು ತಿಂಗಳ ಅಂತರವಲ್ಲ, ಆರು ವರ್ಷ.

1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಇಸ್ರೊ ‘ಸೈಟ್’ ಎಂಬ ಪ್ರಯೋಗ ನಡೆಸಿತು. ಅಮೆರಿಕದ ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ನಮಗೆ ಕಾಣುವ ಕಡೆ ಸರಿಸಿ ಕೊಟ್ಟಿತ್ತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದಿಂದ ನೇರವಾಗಿ ಕಾರ್ಯಕ್ರಮ. ಕರ್ನಾಟಕದಲ್ಲಿ ಆರಿಸಿದ ಜಿಲ್ಲೆಗಳು ಗುಲ್ಬರ್ಗ, ರಾಯಚೂರು, ಬಿಜಾಪುರ. ಶಾಲೆಯ ಅಂಗಳದಲ್ಲೋ ಪಂಚಾಯಿತಿ ಕಟ್ಟೆಯ ಮೇಲೋ ಒಂದು ಸೆಟ್, ಪಕ್ಕದಲ್ಲಿ ಕೋಳಿಗೂಡಿಗೆ ಹಾಕುವಂಥ ತಂತಿ ಜಾಲರಿಯಿಂದ ಮಾಡಿದ ಹತ್ತು ಅಡಿಯ ಛತ್ರಿ. ಬೆಳಿಗ್ಗೆ ಶಾಲಾ ಮಕ್ಕಳಿಗೆ ಒಂದೂವರೆ ಗಂಟೆ. ಅದನ್ನು ನಾಲ್ಕು ಭಾಷೆಗಳಿಗೆ ಹಂಚಿದಾಗ ಕನ್ನಡಕ್ಕೆ ಬಂದದ್ದು ಇಪ್ಪತ್ತೆರಡೂವರೆ ನಿಮಿಷ. ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯ, ಹಾಡು, ನಾಟಕ. ಆ ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ, ತೆಲುಗಿನವುಗಳ ಜೊತೆ. ಬೆಂಗಳೂರಿನಲ್ಲಿ ಆಗ ಟಿವಿ ಸ್ಟುಡಿಯೊವೇ ಇರಲಿಲ್ಲ.

ವರ್ಷ ಮುಗಿಯಿತು, ಉಪಗ್ರಹ ವಾಪಸು ಹೋಯಿತು. ನೋಡಿ ರೂಢಿಯಾದ ಹಳ್ಳಿಗಳನ್ನು ಹಾಗೇ ಬಿಡುವಂತಿರಲಿಲ್ಲ. ಆ ಪ್ರದೇಶಗಳಿಗಾಗಿ ನೆಲದ ಮೇಲೆ ಟ್ರಾನ್ಸ್‌ಮಿಟರ್ ಕಟ್ಟುವ ಯೋಜನೆಯಲ್ಲಿ 1977ರಲ್ಲಿ ಕಲಬುರಗಿಗೆ ಕೇಂದ್ರ ಬಂತು. ಬೆಂಗಳೂರು ದೂರದರ್ಶನ ಶುರುವಾದದ್ದು 1981ರ ನವೆಂಬರ್ 1ರಂದು. ರಾಜಧಾನಿಯವರಿಗೆ ಈ ಕ್ರಮ ಇವತ್ತಿಗೂ ನಂಬಲು ಕಷ್ಟ. ‘ಹಿಂದುಳಿದದ್ದು ಮೊದಲು’ ಎಂಬುದನ್ನು ಸರ್ಕಾರ ಅಕ್ಷರಶಃ ಪಾಲಿಸಿದ ಅಪರೂಪದ ಸಂದರ್ಭ ಅದು.

1984ರಲ್ಲಿ ದಿನಕ್ಕೊಂದು ಟವರ್ ಹಾಕಿದ್ರು ಅಂತಾರೆ. ಸ್ವಲ್ಪ ಅತಿಯಾಯ್ತು ಅಲ್ವಾ?

ಅತಿಯಲ್ಲ. ಆ ವರ್ಷದ ಆರಂಭದಲ್ಲಿ ದೇಶದಲ್ಲಿದ್ದ ಟಿವಿ ಟ್ರಾನ್ಸ್‌ಮಿಟರುಗಳು ಐವತ್ತಕ್ಕೂ ಕಡಿಮೆ. ವರ್ಷ ಮುಗಿಯುವಾಗ 170 ದಾಟಿದ್ದವು. ಬಹುಪಾಲು ಕೆಲಸ ಆದದ್ದು ವರ್ಷದ ಉತ್ತರಾರ್ಧದ ಕೆಲವೇ ತಿಂಗಳಲ್ಲಿ, ಹಾಗಾಗಿ ದಿನಕ್ಕೊಂದು ಎಂಬ ಮಾತು ಲೆಕ್ಕಕ್ಕೆ ಕೂರುತ್ತದೆ. ಹೆಚ್ಚಿನವು 100 ವ್ಯಾಟಿನವೇ. ದೊಡ್ಡ ಕೇಂದ್ರ ಕಟ್ಟಲು ವರ್ಷಗಟ್ಟಲೆ ಬೇಕು. ಇದಕ್ಕೆ ಒಂದು ಬಾಡಿಗೆ ಕಟ್ಟಡವೂ ಸಾಕು, ಪೆಟ್ಟಿಗೆ ಬಿಚ್ಚಿ ಜೋಡಿಸಿ ಛತ್ರಿಯನ್ನು ಉಪಗ್ರಹದ ಕಡೆ ತಿರುಗಿಸಿದರೆ ಊರಿಗೆ ಟಿವಿ ಬಂತು.

ಅಷ್ಟು ಅವಸರ ಏಕೆ? ಲೋಕಸಭೆ ಚುನಾವಣೆ ಹತ್ತಿರವಿತ್ತು ಎಂಬುದನ್ನು ಆಗಲೂ ಜನ ಹೇಳುತ್ತಿದ್ದರು, ನಾನೂ ಅದನ್ನು ತಳ್ಳಿಹಾಕುವುದಿಲ್ಲ. ಜನಸಂಖ್ಯೆಯ ಶೇ. 70 ಭಾಗಕ್ಕೆ ಟಿವಿ ತಲುಪಿಸುವುದು ಘೋಷಿತ ಗುರಿ. ‘ತಲುಪುವುದು’ ಎಂದರೆ ಟವರಿನ ಸುತ್ತ ಎಳೆದ ವೃತ್ತದೊಳಗೆ ಮನೆ ಇರುವುದು, ಆ ಮನೆಯಲ್ಲಿ ಸೆಟ್ ಇರಬೇಕೆಂದಿರಲಿಲ್ಲ. ಆದರೆ ಅದೇ ಅಕ್ಟೋಬರ್ 31ರಂದು ಇಂದಿರಾ ಗಾಂಧಿಯವರ ಹತ್ಯೆಯಾಯಿತು. ನವೆಂಬರ್ 3ರ ಅಂತ್ಯಕ್ರಿಯೆಯನ್ನು ಸಣ್ಣ ಊರುಗಳ ಜನ ಯಾರದೋ ಪಡಸಾಲೆಯಲ್ಲಿ, ಕಿಟಕಿಯಾಚೆ ನಿಂತು ನೋಡಿದರು. ಕೆಲವೇ ವಾರಗಳ ಹಿಂದೆ ಎದ್ದಿದ್ದ ಟವರುಗಳಿಂದ ಬಂದ ಚಿತ್ರ ಅದು.

ಹಾಸನಕ್ಕೂ ಟಿವಿಗೂ ಏನೋ ಸಂಬಂಧ ಇದೆ ಅಂತ ಅಜ್ಜ ಹೇಳ್ತಿದ್ರು.

ಅಜ್ಜ ಸರಿಯಾಗೇ ಹೇಳಿದ್ದಾರೆ. ಈ ಟವರುಗಳಿಗೆಲ್ಲ ಮೇಲಿನಿಂದ ಚಿತ್ರ ಕೊಡಬೇಕಾದದ್ದು ಇನ್ಸಾಟ್ ಎಂಬ ನಮ್ಮ ದೇಶದ ಉಪಗ್ರಹಗಳು. ಇನ್ಸಾಟ್‌ಗಳನ್ನು ನಿಯಂತ್ರಿಸುವ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ 1982ರಿಂದ ಇರುವುದು ಹಾಸನದಲ್ಲಿ. ಮೊದಲ ಉಪಗ್ರಹ ಇನ್ಸಾಟ್-1ಎ 1982ರ ಏಪ್ರಿಲ್ 10ರಂದು ಹಾರಿ, ಒಂದರ ಹಿಂದೊಂದು ತೊಂದರೆಗೆ ಸಿಕ್ಕು, ಸೆಪ್ಟೆಂಬರಿನಲ್ಲಿ ಇಂಧನ ಮುಗಿದು ಕೈಬಿಟ್ಟುಹೋಯಿತು. ಎರಡನೆಯದು, ಇನ್ಸಾಟ್-1ಬಿ, 1983ರ ಆಗಸ್ಟ್ ಕೊನೆಯಲ್ಲಿ ಚಾಲೆಂಜರ್ ಷಟಲ್‌ನಲ್ಲಿ ಹೋಯಿತು. ಅದರ ಸೌರ ಫಲಕವೂ ಸರಿಯಾಗಿ ಬಿಚ್ಚಿಕೊಳ್ಳದೆ ಹಾಸನದವರನ್ನು ಎರಡು ವಾರದ ಹತ್ತಿರ ನಿದ್ದೆಗೆಡಿಸಿತು. ಅದು ಬಿಚ್ಚದೇ ಹೋಗಿದ್ದರೆ 1984ರ ಟವರುಗಳು ಬರೀ ಕಂಬಗಳಾಗಿ ನಿಲ್ಲುತ್ತಿದ್ದವು.

ನೆಲದ ಮೇಲಿನ ಪಾಲೂ ಉಂಟು: ದೂರದರ್ಶನಕ್ಕೆ ಟ್ರಾನ್ಸ್‌ಮಿಟರ್ ಮಾಡಿಕೊಟ್ಟವರಲ್ಲಿ ಬೆಂಗಳೂರಿನ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಮುಖ್ಯವಾದದ್ದು.

ರೇಡಿಯೊ ಥರ ಟಿವಿಗೂ ಲೈಸೆನ್ಸ್ ಇತ್ತಾ?

ಇತ್ತು. ಅಂಚೆ ಕಚೇರಿಯಲ್ಲಿ ವರ್ಷಕ್ಕೆ 50 ರೂಪಾಯಿ ಕಟ್ಟಿ ಪುಸ್ತಕದಲ್ಲಿ ಮುದ್ರೆ ಹಾಕಿಸಿಕೊಳ್ಳಬೇಕಿತ್ತು. 1985ರಲ್ಲಿ ತೆಗೆದುಹಾಕಿದರು. ಟವರು ತಡವಾಗಿ ಬಂದ ಊರುಗಳವರಿಗೆ ಆ ಪುಸ್ತಕದ ನೆನಪೇ ಇರುವುದಿಲ್ಲ.

## ಯಾರ ಮಾತು, ಯಾರ ಭಾಷೆ

ಟವರ್ ನಮ್ಮೂರದ್ದು, ಬರ್ತಿದ್ದಿದ್ದು ಮಾತ್ರ ಬರೀ ಹಿಂದಿ. ಯಾಕೆ?

ನನಗೆ ಅತಿ ಹೆಚ್ಚು ಬಂದಿರುವ ಪ್ರಶ್ನೆ ಇದು. ಹೆಚ್ಚಿನವರು ಅದರ ಹಿಂದೆ ಒಂದು ಆದೇಶ ಇತ್ತೆಂದುಕೊಂಡಿದ್ದಾರೆ. ಆದೇಶಕ್ಕಿಂತ ಮೊದಲು ತಂತಿಯೇ ಹಾಗೆ ಎಳೆದಿತ್ತು.

ರಾಷ್ಟ್ರೀಯ ಕಾರ್ಯಕ್ರಮ ಶುರುವಾದದ್ದು 1982ರ ಆಗಸ್ಟ್ 15ರಂದು. ದಿಲ್ಲಿಯಿಂದ ಉಪಗ್ರಹಕ್ಕೆ ಏರಿ ದೇಶದ ತುಂಬ ಇಳಿಯುವ ವ್ಯವಸ್ಥೆ ಅದು. ಎಲ್‌ಪಿಟಿ ಹಿಡಿಯುತ್ತಿದ್ದದ್ದು ಆಕಾಶದಿಂದ ಇಳಿದದ್ದನ್ನು ಮಾತ್ರ. ಬೆಂಗಳೂರಿನಲ್ಲಿ ಅದೇ ಸಂಜೆ ಕನ್ನಡ ಕಾರ್ಯಕ್ರಮ ನಡೆಯುತ್ತಿದ್ದರೂ ಅದು ಬೆಂಗಳೂರಿನ ಟವರು ಮುಟ್ಟುವ ಕಡೆಗಷ್ಟೇ. ಅದನ್ನು ಉಪಗ್ರಹಕ್ಕೆ ಏರಿಸುವ ಏರ್ಪಾಡು ಆಗ ಇರಲಿಲ್ಲ. ಹೀಗಾಗಿ ಬೆಂಗಳೂರಿಗೆ ಮುನ್ನೂರು ಕಿ.ಮೀ. ದೂರದ ಕನ್ನಡದ ಊರಿಗೆ ದಿಲ್ಲಿ ಹತ್ತಿರವಾಯಿತು, ಬೆಂಗಳೂರು ದೂರವಾಯಿತು. ಊರಿನವರಿಗೆ ಕನ್ನಡ ಕಂಡದ್ದು ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಚಿತ್ರಗಳ ಸರದಿ ಸುತ್ತಿ ಬಂದಾಗ ಮಾತ್ರ. ಅಂದು ಕರೆಂಟು ಹೋದರೆ ಕೆಇಬಿಯವರಿಗೆ ಸಿಗುತ್ತಿದ್ದ ಸಹಸ್ರನಾಮವೇ ಬೇರೆ.

ರಾಜ್ಯದ ಕೇಂದ್ರಗಳಿಂದಲೇ ಉಪಗ್ರಹಕ್ಕೆ ಏರಿಸುವ ಅನುಕೂಲ ಆದ ಮೇಲೆ ಎಲ್‌ಪಿಟಿಗಳಿಗೆ ಕನ್ನಡವೂ ಬಂತು. ದಿನದ ಇಂತಿಷ್ಟು ಹೊತ್ತು ಬೆಂಗಳೂರು, ಉಳಿದ ಹೊತ್ತು ದಿಲ್ಲಿ. ಆ ಅದಲುಬದಲು ನಡೆಯುವಾಗಲೇ ಒಂದೆರಡು ನಿಮಿಷ ‘ಅಡಚಣೆಗಾಗಿ ವಿಷಾದಿಸುತ್ತೇವೆ’ ಫಲಕ ಕಾಣಿಸಿಕೊಳ್ಳುತ್ತಿದ್ದದ್ದು. ಮುಂದೆ ಕನ್ನಡಕ್ಕೇ ಪ್ರತ್ಯೇಕ ವಾಹಿನಿಯಾಗಿ ಡಿಡಿ 9 ಬಂತು. ಇವತ್ತಿನ ಚಂದನ ಅದೇ.

ತಂತ್ರಜ್ಞಾನದ ಮಿತಿ ಅಂದುಬಿಟ್ಟರೆ ಪೂರ್ತಿ ನ್ಯಾಯವಾಗುವುದಿಲ್ಲ ಎಂಬುದೂ ನಿಜ. ಮೊದಲು ಯಾವ ತಂತಿ ಎಳೆಯಬೇಕು ಎಂಬುದೂ ಒಂದು ತೀರ್ಮಾನವೇ. 1982ರ ಕೊನೆಯಲ್ಲಿ ನೇಮಕವಾದ ಪಿ.ಸಿ. ಜೋಶಿ ನೇತೃತ್ವದ ಕಾರ್ಯತಂಡ ದೂರದರ್ಶನದ ಕಾರ್ಯಕ್ರಮಗಳ ಬಗ್ಗೆ ವರದಿ ಕೊಟ್ಟು, ಟ್ರಾನ್ಸ್‌ಮಿಟರ್ ಮುಂದೆ ಓಡುತ್ತಿದೆ, ಕಾರ್ಯಕ್ರಮ ಹಿಂದೆ ಉಳಿದಿದೆ ಎಂಬ ಅರ್ಥದ ಟೀಕೆ ಮಾಡಿತ್ತು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ದಿನಕ್ಕೊಂದು ಟವರು ಏಳುತ್ತಿತ್ತು.

ಊರಿನ ಕೇಂದ್ರದಿಂದಲೇ ಊರಿನ ಕಾರ್ಯಕ್ರಮ ಮಾಡಬಹುದಿತ್ತಲ್ಲ? ಯಾರೂ ಯೋಚನೆ ಮಾಡಲಿಲ್ವಾ?

ಯೋಚಿಸಿದ್ದಷ್ಟೇ ಅಲ್ಲ, ಮಾಡಿಯೂ ತೋರಿಸಿದ್ದರು. ಗುಜರಾತಿನ ಖೇಡಾ ಜಿಲ್ಲೆಯ ಪಿಜ್ ಎಂಬ ಹಳ್ಳಿಯಲ್ಲಿ.

1975ರಲ್ಲಿ, ಸೈಟ್ ಪ್ರಯೋಗದ ಜೊತೆಜೊತೆಗೇ, ಅಹಮದಾಬಾದಿನ ಇಸ್ರೊ ಘಟಕವಾದ ಬಾಹ್ಯಾಕಾಶ ಅನ್ವಯ ಕೇಂದ್ರ ಅಲ್ಲಿ ಒಂದು ಕಿಲೋವ್ಯಾಟಿನ ಟ್ರಾನ್ಸ್‌ಮಿಟರ್ ಇಟ್ಟಿತು. ಆ ಅಹಮದಾಬಾದ್ ಕೇಂದ್ರದ ಮೊದಲ ನಿರ್ದೇಶಕರು ವಿಜ್ಞಾನಿ ಯಶ್ ಪಾಲ್. ಸುಮಾರು 400 ಹಳ್ಳಿಗಳಲ್ಲಿ 600ರ ಆಸುಪಾಸು ಸಮುದಾಯ ಸೆಟ್‌ಗಳು. ಖೇಡಾ ಅಂದರೆ ಹಾಲಿನ ಸಹಕಾರ ಸಂಘಗಳ ನಾಡು, ಆನಂದ್ ಆಗ ಆ ಜಿಲ್ಲೆಯಲ್ಲೇ ಇತ್ತು. ಸಂಜೆ ಜನ ಒಂದೆಡೆ ಸೇರುವುದು ಅಲ್ಲಿ ಮೊದಲಿಂದಲೂ ರೂಢಿ.

ಕಾರ್ಯಕ್ರಮ ಮಾಡುವವರು ಮೊದಲು ಹಳ್ಳಿಗೆ ಹೋಗಿ ಕೂತು ಕೇಳುತ್ತಿದ್ದರು. ಕೂಲಿ ಎಷ್ಟು ಕೊಡುತ್ತಾರೆ, ಬಾವಿಯಿಂದ ಯಾರನ್ನು ದೂರ ಇಟ್ಟಿದ್ದಾರೆ, ಸೊಸೆಯಂದಿರ ಗತಿ ಏನು. ಆಮೇಲೆ ಅದನ್ನೇ ನಾಟಕ ಮಾಡಿ, ಅಲ್ಲಿನ ಚರೋತ್ತರಿ ಆಡುಮಾತಿನಲ್ಲಿ, ಎಷ್ಟೋ ಸಲ ಆ ಹಳ್ಳಿಗರನ್ನೇ ಪಾತ್ರ ಮಾಡಿಸಿ ತೋರಿಸುತ್ತಿದ್ದರು. ಹೆಗಲಿಗೆ ಹಾಕಿಕೊಂಡು ಹೋಗಬಹುದಾದ ವಿಡಿಯೊ ಕ್ಯಾಮೆರಾದಲ್ಲಿ ರೈತನ ದೂರನ್ನು ಹಿಡಿದು, ಅದೇ ಕಾರ್ಯಕ್ರಮದಲ್ಲಿ ಅಧಿಕಾರಿಯ ಉತ್ತರವನ್ನೂ ಕೇಳುತ್ತಿದ್ದರು. ಸಂಜೆ ಸಂಘದ ಕಟ್ಟಡದ ಮುಂದೆ ಕೂತವನಿಗೆ ಪರದೆಯ ಮೇಲೆ ಕಾಣುತ್ತಿದ್ದದ್ದು ತನ್ನ ಪಕ್ಕದೂರಿನ ಮುಖ. ಈ ಕೆಲಸಕ್ಕೆ 1984ರಲ್ಲಿ ಗ್ರಾಮೀಣ ಸಂವಹನಕ್ಕೆಂದು ಇರುವ ಯುನೆಸ್ಕೋ ಪ್ರಶಸ್ತಿ ಬಂತು.

ಗಮನಿಸಬೇಕಾದದ್ದು: ಪಿಜ್‌ನ ಟ್ರಾನ್ಸ್‌ಮಿಟರ್ ನಮ್ಮೂರಿನದಕ್ಕಿಂತ ಹತ್ತು ಪಟ್ಟು ಶಕ್ತಿಯದಾದರೂ ಇಬ್ಬರಿಗೂ ಇದ್ದ ವ್ಯತ್ಯಾಸ ಅದಲ್ಲ. ಅದರ ಹಿಂದೆ ಒಂದು ಸ್ಟುಡಿಯೊ, ಬರೆಯುವವರು, ಜನರನ್ನು ಕೇಳಿ ಬರುವ ಸಂಶೋಧಕರು ಇದ್ದರು. ನಮ್ಮೂರ ಟವರಿನ ಹಿಂದೆ ಇದ್ದದ್ದು ಛತ್ರಿ.

ಅಷ್ಟು ಚೆನ್ನಾಗಿದ್ದ ಪಿಜ್ ಕೇಂದ್ರ ಮತ್ತೆ ಯಾಕೆ ಮುಚ್ಚಿದ್ರು?

ಪ್ರಶಸ್ತಿ ಬಂದ ಮರುವರ್ಷ, 1985ರಲ್ಲಿ ಅದನ್ನು ನಿಲ್ಲಿಸಿದರು. ದೂರದರ್ಶನದ ವಿಸ್ತರಣೆಯಲ್ಲಿ ಆ ಪ್ರದೇಶಕ್ಕೆ ಹೇಗೂ ಬೇರೆ ಪ್ರಸಾರ ತಲುಪುತ್ತಿರುವಾಗ ಇದೊಂದು ಯಾಕೆ ಬೇಕು ಎಂಬುದು ನಕ್ಷೆ ನೋಡುವವರ ತರ್ಕ. ನಕ್ಷೆಯಲ್ಲಿ ಎರಡು ವೃತ್ತ ಒಂದರ ಮೇಲೊಂದು ಬಿದ್ದರೆ ಒಂದು ದಂಡ ಅನಿಸುವುದು ಸಹಜ. ಒಂದು ವೃತ್ತದಲ್ಲಿ ಖೇಡಾದ ಮಾತಿತ್ತು, ಇನ್ನೊಂದರಲ್ಲಿ ಇರಲಿಲ್ಲ ಎಂಬುದು ನಕ್ಷೆಯಲ್ಲಿ ಕಾಣುವುದಿಲ್ಲ. ಟ್ರಾನ್ಸ್‌ಮಿಟರನ್ನು ಬೇರೆಡೆಗೆ ಒಯ್ಯುವ ಮಾತು ಬಂದಾಗ ಅಲ್ಲಿನ ಜನ ಪ್ರತಿಭಟಿಸಿದರು. ಸರ್ಕಾರಿ ಟಿವಿಯೊಂದನ್ನು ಉಳಿಸಿಕೊಳ್ಳಲು ಹಳ್ಳಿಗರು ಎದ್ದು ನಿಂತ ಉದಾಹರಣೆ ನಮ್ಮಲ್ಲಿ ಹೆಚ್ಚಿಲ್ಲ.

ಪ್ರಯೋಗ ಎಂದು ಹೆಸರಿಟ್ಟರೆ ಇದೇ ತೊಂದರೆ. ಸೋತರೆ ನಿಲ್ಲಿಸುತ್ತಾರೆ, ಗೆದ್ದರೆ ‘ಪ್ರಯೋಗ ಮುಗಿಯಿತು’ ಎಂದು ನಿಲ್ಲಿಸುತ್ತಾರೆ.

ಅಮೆರಿಕದಲ್ಲಿ ಲೋ ಪವರ್ ಟಿವಿ ಅಂತ ಊರೂರಿಗೂ ಸ್ವಂತ ಚಾನೆಲ್ ಇದೆಯಂತೆ. ನಮ್ಮದೂ ಅದೇನಾ?

ಹೆಸರು ಒಂದೇ, ಬಾಳು ಬೇರೆ. ಅಲ್ಲೂ ಮೊದಲಿದ್ದದ್ದು ಬೆಟ್ಟದಾಚೆಯ ಊರುಗಳಿಗೆ ದೊಡ್ಡ ಕೇಂದ್ರದ ಚಿತ್ರವನ್ನು ದಾಟಿಸುವ ಸಣ್ಣ ಮರುಪ್ರಸಾರದ ಯಂತ್ರಗಳೇ. 1982ರಲ್ಲಿ ಅಲ್ಲಿನ ನಿಯಂತ್ರಕ ಸಂಸ್ಥೆ ಎಫ್‌ಸಿಸಿ ಹೊಸ ನಿಯಮ ತಂದು, ಅಂಥ ಸಣ್ಣ ಕೇಂದ್ರಗಳು ಸ್ವಂತ ಕಾರ್ಯಕ್ರಮವನ್ನೂ ಹಾಕಬಹುದು ಎಂದಿತು. ಚರ್ಚುಗಳು, ಕಾಲೇಜುಗಳು, ಸ್ಪ್ಯಾನಿಷ್ ಮಾತಾಡುವವರು, ಊರಿನ ವ್ಯಾಪಾರಿಗಳು ಪರವಾನಗಿ ಪಡೆದರು. ಅಲ್ಲಿನ ಸಣ್ಣ ಕೇಂದ್ರಗಳ ಅನಲಾಗ್ (ಡಿಜಿಟಲ್‌ಗೆ ಮುಂಚಿನ ಹಳೆಯ ಬಗೆಯ) ಪ್ರಸಾರಕ್ಕೆ 2021ರ ಜುಲೈ 13 ಕೊನೆಯ ದಿನವಾಯಿತು, ಡಿಜಿಟಲ್ ಆಗಿ ಅವು ಮುಂದುವರಿದಿವೆ. ಅಲ್ಲಿ 1982ರಲ್ಲಿ ಬಿಟ್ಟುಕೊಟ್ಟದ್ದು ಬಾಯಿ, ಇಲ್ಲಿ ಅದೇ ವರ್ಷ ಜೋಡಿಸಿದ್ದು ಕಿವಿ.

## ಕೊನೆಗಾಲ ಮತ್ತು ಈಗ

ಕೇಬಲ್ ಬಂದಿದ್ದೇ ತಡ, ಇವೆಲ್ಲ ಸತ್ತು ಹೋದವು ಅಲ್ವಾ?

ಪೇಟೆಯಲ್ಲಿ ಹೌದು. 1991–92ರಿಂದ ಕೇಬಲ್ ಹಬ್ಬಿದಂತೆ ತಾರಸಿಯ ಆಂಟೆನಾ ಬಟ್ಟೆ ಒಣಹಾಕುವ ಕಂಬವಾಯಿತು. ಆದರೆ ಕೇಬಲ್ ತಂತಿ ಹೋಗದ ಹಳ್ಳಿಗಳಲ್ಲಿ, ತೋಟದ ಮನೆಗಳಲ್ಲಿ ಎಲ್‌ಪಿಟಿ ಇನ್ನೂ ಹತ್ತು ಹನ್ನೆರಡು ವರ್ಷ ಒಂಟಿಯಾಗಿ ದುಡಿಯಿತು. ಸರ್ಕಾರ ಕಟ್ಟುವುದನ್ನೂ ನಿಲ್ಲಿಸಲಿಲ್ಲ, ದೂರದರ್ಶನದ ಟ್ರಾನ್ಸ್‌ಮಿಟರುಗಳು ಒಟ್ಟು 1,400ರ ಗಡಿ ತಲುಪಿದ್ದು ಕೇಬಲ್ ಬಂದ ಎಷ್ಟೋ ವರ್ಷಗಳ ನಂತರ. ನಿಜವಾದ ಏಟು ಬಿದ್ದದ್ದು ದೂರದರ್ಶನದ್ದೇ ಇನ್ನೊಂದು ಕೈಯಿಂದ: 2004ರ ಡಿಸೆಂಬರ್ 16ರಂದು ಶುರುವಾದ ಡಿಡಿ ಡೈರೆಕ್ಟ್ ಪ್ಲಸ್, ಈಗಿನ ಫ್ರೀ ಡಿಶ್. ತಿಂಗಳ ಬಾಡಿಗೆ ಇಲ್ಲದೆ ಹತ್ತಾರು ವಾಹಿನಿ ಮನೆಯ ಛತ್ರಿಗೇ ಬಂದ ಮೇಲೆ ಊರಿನ ಛತ್ರಿ ಯಾರಿಗೆ ಬೇಕು?

ಪೂರ್ತಿ ಬಂದ್ ಮಾಡಿದ್ದು ಯಾವಾಗ? ಕಲಬುರಗಿ ಕೇಂದ್ರವನ್ನೂ ಮುಚ್ಚಿದ್ರಾ?

ಹಂತ ಹಂತವಾಗಿ. ಹಿಂದಿನ ದಶಕದ ಕೊನೆಯ ವರ್ಷಗಳಲ್ಲಿ ನೂರುಗಟ್ಟಲೆ ಟ್ರಾನ್ಸ್‌ಮಿಟರುಗಳು ನಿಂತವು. 2021ರ ಅಕ್ಟೋಬರಿನಲ್ಲಿ, ದೂರದರ್ಶನವನ್ನು ನಡೆಸುವ ಸಂಸ್ಥೆಯಾದ ಪ್ರಸಾರ ಭಾರತಿ, ಆಯಕಟ್ಟಿನ ಜಾಗಗಳ ಸುಮಾರು 50 ಬಿಟ್ಟು ಉಳಿದ ಅನಲಾಗ್ ಟ್ರಾನ್ಸ್‌ಮಿಟರುಗಳನ್ನು 2022ರ ಮಾರ್ಚ್ 31ರೊಳಗೆ ತೆಗೆಯುವುದಾಗಿ ಹೇಳಿತು. ಕೊಟ್ಟ ಕಾರಣಗಳು: ತಂತ್ರಜ್ಞಾನ ಹಳೆಯದು, ವಿದ್ಯುತ್ ದಂಡ, ಈ ತರಂಗಾಂತರ 5ಜಿಯಂಥ ಹೊಸದಕ್ಕೆ ಬೇಕು.

ಆ ಹೊತ್ತಿನಲ್ಲಿ ಕಲಬುರಗಿ ದೂರದರ್ಶನವೇ ಮುಚ್ಚುತ್ತದೆಂದು ಸುದ್ದಿಯಾಗಿ ದೊಡ್ಡ ಗಲಾಟೆಯಾಯಿತು. ಪ್ರಸಾರ ಭಾರತಿ ಅದನ್ನು ಅಲ್ಲಗಳೆದು, ನಿಲ್ಲುವುದು ಟ್ರಾನ್ಸ್‌ಮಿಟರ್ ಮಾತ್ರ, ಕೇಂದ್ರ ಕಾರ್ಯಕ್ರಮ ತಯಾರಿಸುತ್ತದೆ, ಅದು ರಾಜ್ಯದ ವಾಹಿನಿಯಲ್ಲಿ ಮತ್ತು ಯೂಟ್ಯೂಬಿನಲ್ಲಿ ಬರುತ್ತದೆ ಎಂದು ಸ್ಪಷ್ಟನೆ ಕೊಟ್ಟಿತು. ಕಾಗದದ ಮೇಲೆ ಈ ವ್ಯತ್ಯಾಸ ಸರಿಯೇ. ಆದರೆ ಸ್ವಂತ ಟವರಿನಿಂದ ಸ್ವಂತ ಹೊತ್ತಿಗೆ ಬಿಡುವುದಕ್ಕೂ ಚಂದನದಲ್ಲಿ ಪಾಲು ಕೇಳುವುದಕ್ಕೂ ಅಂತರವಿದೆ ಎಂಬ ಅಲ್ಲಿನವರ ಸಿಟ್ಟನ್ನು ಸುಮ್ಮನೆ ತಳ್ಳಿಹಾಕಲು ನನಗೆ ಮನಸ್ಸಿಲ್ಲ.

ಅಟ್ಟದ ಮೇಲಿನ ಹಳೇ ಟಿವಿ, ಆಂಟೆನಾ ಇಳಿಸಿ ಹಾಕಿದ್ರೆ ಈಗ ಏನಾದ್ರೂ ಬರುತ್ತಾ?

ಹೆಚ್ಚಿನ ಊರುಗಳಲ್ಲಿ ಬರೀ ಸದ್ದು, ಚುಕ್ಕಿ. 2016ರಲ್ಲಿ ದೂರದರ್ಶನ ಬೆಂಗಳೂರು ಸೇರಿ 16 ನಗರಗಳಲ್ಲಿ ಡಿವಿಬಿ-ಟಿ2 ಎಂಬ ಡಿಜಿಟಲ್ ನೆಲ ಪ್ರಸಾರ ಶುರುಮಾಡಿತ್ತು. ಅದಕ್ಕೆ ಅದನ್ನು ಹಿಡಿಯುವ ಟಿವಿ ಅಥವಾ ಡಾಂಗಲ್ ಎಂಬ ಸಣ್ಣ ಜೋಡಣೆ ಬೇಕು, ಹಳೆಯ ಪೆಟ್ಟಿಗೆ ಟಿವಿ ಒಂದರಿಂದಲೇ ಆಗುವುದಿಲ್ಲ.

ನಾವೇ ದುಡ್ಡು ಹಾಕಿ ನಮ್ಮ ತಾಲ್ಲೂಕಿಗೆ ಒಂದು ಸಣ್ಣ ಟಿವಿ ಕೇಂದ್ರ ಮಾಡಬಹುದಾ?

ಗಾಳಿಯಲ್ಲಿ ಬಿಡುವ ಟಿವಿಯಾದರೆ ಇಲ್ಲ. ತರಂಗಗಳು ಸಾರ್ವಜನಿಕರ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರ ಫೆಬ್ರವರಿಯಲ್ಲಿ ಹೇಳಿತು. ಆದರೂ ನೆಲ ಪ್ರಸಾರದ ಟಿವಿ ದೂರದರ್ಶನದ ಕೈಯಲ್ಲೇ ಉಳಿದಿದೆ, ಸಮುದಾಯ ಟಿವಿ ಎಂಬ ಪರವಾನಗಿಯೇ ಇಲ್ಲ. ಪರವಾನಗಿ ಇಲ್ಲದೆ ಟ್ರಾನ್ಸ್‌ಮಿಟರ್ ಹಚ್ಚುವುದು ಅಪರಾಧ, ಆ ಸಾಹಸ ಬೇಡ.

ರೇಡಿಯೊಗೆ ದಾರಿ ಇದೆ. 2006ರ ನೀತಿ ಬಂದಂದಿನಿಂದ ಸಂಘ ಸಂಸ್ಥೆಗಳು ಸಮುದಾಯ ರೇಡಿಯೊಗೆ ಅರ್ಜಿ ಹಾಕಬಹುದು. ಅಲ್ಲಿ ಹೊರಸೂಸುವ ಶಕ್ತಿಯ ಮಿತಿ 100 ವ್ಯಾಟ್, ಆಂಟೆನಾದ ಎತ್ತರದ ಮಿತಿ 30 ಮೀಟರ್. ಅಂದರೆ ಹೆಚ್ಚುಕಡಿಮೆ ಊರಿನ ಎಲ್‌ಪಿಟಿಯ ಅಳತೆಯೇ, ಈ ಸಲ ಮೈಕಿನ ಸಮೇತ. ಕೋಲಾರ ಜಿಲ್ಲೆಯ ಬೂದಿಕೋಟೆಯವರು ಈ ನೀತಿಗೂ ಮುಂಚೆಯೇ ಕೇಬಲ್ ತಂತಿಯ ಮೂಲಕ ‘ನಮ್ಮ ಧ್ವನಿ’ ನಡೆಸಿ ತೋರಿಸಿದ್ದರು. ಚಿತ್ರವೇ ಬೇಕೆಂದರೆ ಕೇಬಲ್ ಆಪರೇಟರ ಸ್ಥಳೀಯ ವಾಹಿನಿ ಇದೆ. ಜಾತ್ರೆ, ಪುರಸಭೆ ಸಭೆ, ಎಸ್ಸೆಸ್ಸೆಲ್ಸಿ ಟಾಪರ್ ಸಂದರ್ಶನ, ನಡುವೆ ಬಟ್ಟೆ ಅಂಗಡಿ ಜಾಹೀರಾತು. ಎಲ್‌ಪಿಟಿ ಮಾಡಬೇಕಿದ್ದ ಕೆಲಸವನ್ನು ಬಹಳ ಊರುಗಳಲ್ಲಿ ಮಾಡಿದವರು ಇವರೇ. ಅವರನ್ನು ನೋಡಿ ನಗುವವರಿಗೆ ಇದನ್ನು ನೆನಪಿಸುತ್ತಿರುತ್ತೇನೆ.

ನಮ್ಮೂರ ಟವರಿನ ಇತಿಹಾಸ ಬರೆದಿಡಬೇಕು ಅಂತಿದೆ. ಎಲ್ಲಿಂದ ಶುರು ಮಾಡಲಿ?

ಮೊದಲು ಜನ, ಆಮೇಲೆ ಕಾಗದ. ಅಲ್ಲಿ ಕೆಲಸ ಮಾಡಿದ ತಂತ್ರಜ್ಞರು ನಿವೃತ್ತರಾಗಿ ಎಲ್ಲೆಲ್ಲೋ ಇದ್ದಾರೆ. ಕಾವಲುಗಾರರು ಮಾತ್ರ ಸಾಮಾನ್ಯವಾಗಿ ಅದೇ ಊರಿನವರು, ಅವರಿಂದ ಶುರುಮಾಡಿ. ಆಂಟೆನಾ ಕಟ್ಟುತ್ತಿದ್ದ, ಟಿವಿ ರಿಪೇರಿ ಮಾಡುತ್ತಿದ್ದ ಅಂಗಡಿಯವರಿಗೆ ಯಾವ ಕೇರಿಯಲ್ಲಿ ಯಾವ ವರ್ಷ ಚಿತ್ರ ಸಿಕ್ಕಿತು ಎಂಬುದು ಬಾಯಿಪಾಠ ಇರುತ್ತದೆ. ಉದ್ಘಾಟನೆಯ ಕಲ್ಲು ಗೋಡೆಯಲ್ಲಿದ್ದರೆ ಫೋಟೊ ತೆಗೆದಿಡಿ, ಕಟ್ಟಡ ಬೇರೆ ಇಲಾಖೆಗೆ ಹೋದರೆ ಮೊದಲು ಮಾಯವಾಗುವುದು ಅದೇ. ತಾರೀಖು ಸಿಕ್ಕಮೇಲೆ ಜಿಲ್ಲಾ ಗ್ರಂಥಾಲಯದಲ್ಲಿ ಆ ವಾರದ ಸ್ಥಳೀಯ ಪತ್ರಿಕೆ ತೆಗೆಸಿ ನೋಡಿ.

ಕಾಗದಕ್ಕೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಪ್ರಸಾರ ಭಾರತಿ ಅದರ ವ್ಯಾಪ್ತಿಯಲ್ಲಿದೆ, ಶುಲ್ಕ ಹತ್ತು ರೂಪಾಯಿ. ‘ಇತಿಹಾಸ ಕೊಡಿ’ ಎಂದು ಬರೆದರೆ ಏನೂ ಬರುವುದಿಲ್ಲ. ಕೇಂದ್ರ ಚಾಲೂ ಆದ ದಿನ, ಹಂಚಿದ ಚಾನೆಲ್, ಟ್ರಾನ್ಸ್‌ಮಿಟರಿನ ತಯಾರಕರು, ಬಂದ್ ಆದ ದಿನದ ಆದೇಶದ ಪ್ರತಿ, ಹೀಗೆ ಬಿಡಿಬಿಡಿಯಾಗಿ ಕೇಳಿ. ಲಾಗ್ ಪುಸ್ತಕಗಳು ಉಳಿದಿವೆಯೇ, ಉಳಿದಿದ್ದರೆ ಎಲ್ಲಿವೆ ಎಂದು ಅದೇ ಅರ್ಜಿಯಲ್ಲಿ ಕೇಳಲು ಮರೆಯಬೇಡಿ. ಹರಾಜಿನಲ್ಲಿ ಕಬ್ಬಿಣದ ಜೊತೆ ರದ್ದಿಗೂ ಬೆಲೆ ಕಟ್ಟುತ್ತಾರೆ.